ಕಳ್ಳಿ ಹೂವಿಗೆ ಯಾರು ಬರುತ್ತಾರೆ, ಬಂದು ಏನು ಮಾಡುತ್ತಾರೆ? ಬೆಂಗಳೂರಿಗರಿಗೊಂದು ವೀಕ್ಷಣಾ ಮಾರ್ಗದರ್ಶಿ

ಲಾಲ್‌ಬಾಗ್‌ನಲ್ಲಿ ಕಳ್ಳಿ ಗಿಡಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರಿಗೆ ಲೆಕ್ಕವಿಲ್ಲ. ಆ ಗಿಡದ ಒಂದೇ ಒಂದು ಹೂವಿನ ಎದುರು ಹತ್ತು ನಿಮಿಷ ಅಲುಗಾಡದೆ ಕೂರುವವರು ಮಾತ್ರ ತೀರ ಕಡಿಮೆ. ಹಾಗೆ ಕೂರಲು ಮನಸ್ಸಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಳ್ಳಿ ಹೂವಿಗೆ ಬೆಂಗಳೂರಿನ ಯಾವ ಯಾವ ಜೀವಿಗಳು ಬರುತ್ತವೆ, ಬಂದು ಕುಡಿಯುತ್ತವೋ, ಮೇಯುತ್ತವೋ, ಬೇಟೆಗೆ ಹೊಂಚು ಹಾಕುತ್ತವೋ ಎಂಬುದನ್ನು ಕಣ್ಣಾರೆ ಕಂಡು ಬರೆದಿಡುವ ಕ್ರಮ ಇಲ್ಲಿದೆ.

ಇದಕ್ಕೆ ಇಷ್ಟು ತಾಳ್ಮೆ ಯಾಕೆ ಬೇಕು ಎಂದು ಮೊದಲು ಹೇಳಿಬಿಡುತ್ತೇನೆ. ಕ್ಯಾಕ್ಟಸ್ ಕುಟುಂಬದ 1,500ಕ್ಕೂ ಹೆಚ್ಚು ಪ್ರಭೇದಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಅಮೆರಿಕ ಖಂಡಗಳಿಗೆ ಸೇರಿದವು. ಮರಗಳ ಮೇಲೆ ಜೋತುಬೀಳುವ ರಿಪ್ಸಾಲಿಸ್ ಬ್ಯಾಸಿಫೆರಾ ಎಂಬ ಒಂದು ಮಾತ್ರ ಆಫ್ರಿಕ ಮತ್ತು ಶ್ರೀಲಂಕಾದಲ್ಲೂ ತಾನಾಗಿ ಬೆಳೆಯುತ್ತದೆ. ತವರಿನಲ್ಲಿ ಈ ಗಿಡಗಳಿಗೆ ತಮ್ಮದೇ ನಂಟರಿದ್ದಾರೆ. ಅರಿಜೋನಾದ ಮರುಭೂಮಿಯಲ್ಲಿ ಸಗುವಾರೊ ಕಳ್ಳಿಯ ಹೂ ರಾತ್ರಿ ಬಿರಿದರೆ ಉದ್ದಮೂತಿಯ ಬಾವಲಿ ಬರುತ್ತದೆ. ಬೆಳಗಾದ ಮೇಲೆ ಅದೇ ಹೂವಿಗೆ ಬಿಳಿರೆಕ್ಕೆಯ ಪಾರಿವಾಳ, ಜೇನು ಬರುತ್ತವೆ. ಡಯಾಡೇಸಿಯಾ ಎಂಬ ಒಂಟಿ ಜೇನುಗಳಲ್ಲಿ ಕಳ್ಳಿ ಹೂವಿನ ಪರಾಗವನ್ನೇ ನೆಚ್ಚಿದ ಬಗೆಗಳಿವೆ. ಕೆಂಪು ಕೊಳವೆ ಹೂಗಳಿಗೆ ಹಮ್ಮಿಂಗ್‌ಬರ್ಡ್ ಬರುತ್ತದೆ. ಬೆಂಗಳೂರಿಗೆ ಗಿಡ ಬಂತು, ಈ ನಂಟರು ಯಾರೂ ಬರಲಿಲ್ಲ. ಇಲ್ಲಿ ಹಮ್ಮಿಂಗ್‌ಬರ್ಡ್ ಜಾಗದಲ್ಲಿ ಸೂರಕ್ಕಿ ಇದೆ, ಡಯಾಡೇಸಿಯಾ ಜಾಗದಲ್ಲಿ ತುಡುವೆ, ಕೋಲುಜೇನುಗಳಿವೆ, ಜತೆಗೆ ಎಲ್ಲದಕ್ಕೂ ಬಾಯಿ ಹಾಕುವ ಅಳಿಲು. ಗೊತ್ತಿಲ್ಲದ ಈ ಹೂವನ್ನು ನಮ್ಮೂರಿನ ಜೀವಿಗಳು ಹೇಗೆ ಬಳಸಿಕೊಳ್ಳುತ್ತಿವೆ ಎಂಬುದು ಕೂತು ನೋಡಿದವರಿಗಷ್ಟೇ ತಿಳಿಯುತ್ತದೆ.

ಹೂವಿನ ಮೇಲೆ ಕಂಡ ಪ್ರಾಣಿಯೆಲ್ಲ ಪರಾಗಸ್ಪರ್ಶ ಮಾಡುತ್ತದೆ ಎಂದುಕೊಳ್ಳುವುದು ನಮ್ಮೆಲ್ಲರ ಅಭ್ಯಾಸ. ಗಲಾಪಗೋಸ್ ದ್ವೀಪಗಳ ಕಳ್ಳಿಗುಬ್ಬಿಗಳನ್ನು ನೋಡಿ. ಒಪುಂಷಿಯಾ, ಅಂದರೆ ಪಾಪಾಸುಕಳ್ಳಿ ಜಾತಿಯ ಹೂವಿಗೆ ಬಂದು ಪರಾಗ, ಮಕರಂದ ತಿನ್ನುವಾಗ ಎಷ್ಟೋ ಸಲ ಅವು ಹೂವಿನ ನಡುವಿನ ಶಲಾಕಾಗ್ರವನ್ನೇ, ಅಂದರೆ ಪರಾಗ ಬಂದು ಅಂಟಬೇಕಾದ ತುದಿಯನ್ನೇ, ಕತ್ತರಿಸಿ ಹಾಕುತ್ತವೆ. ಆಮೇಲೆ ಆ ಹೂವಿಗೆ ಬೀಜ ಕಟ್ಟುವ ದಾರಿಯೇ ಇರುವುದಿಲ್ಲ. ಬರೀ ಫೋಟೊ ನೋಡಿದವರು "ಹಕ್ಕಿ ಹೂವಿಗೆ ನೆರವಾಗುತ್ತಿದೆ" ಎಂದೇ ಬರೆಯುತ್ತಾರೆ. ಹಾಗಾಗಿ ನಿಮ್ಮ ಪುಸ್ತಕದಲ್ಲಿ "ಯಾರು ಬಂದರು" ಎಂಬ ಕಾಲಂಗಿಂತ "ಏನು ಮಾಡಿದರು" ಎಂಬ ಕಾಲಂ ಅಗಲವಾಗಿರಲಿ.

ಹಂತ 1: ಗಿಡ ನಿಜಕ್ಕೂ ಕ್ಯಾಕ್ಟಸ್ ಹೌದೇ ನೋಡಿಕೊಳ್ಳಿ

ನಾವು ಕಳ್ಳಿ ಎಂದು ಕರೆಯುವ ಗಿಡಗಳಲ್ಲಿ ಹಲವು ಕ್ಯಾಕ್ಟಸ್ ಕುಟುಂಬದವಲ್ಲ. ಹೊಲದ ಬೇಲಿಯ ಚದುರಗಳ್ಳಿ, ಎಲೆಗಳ್ಳಿಗಳು ಯುಫೋರ್ಬಿಯಾ ಜಾತಿಗೆ ಸೇರಿದವು. ಗೀರಿದರೆ ಬಿಳಿ ಹಾಲು ಸುರಿಯುತ್ತದೆ, ಆ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಆದ್ದರಿಂದ ಗೀರಿ ಪರೀಕ್ಷಿಸಲು ಹೋಗಬೇಡಿ. ಅಲ್ಲದೆ ಮ್ಯಾಮಿಲೇರಿಯಾದಂಥ ನಿಜವಾದ ಕ್ಯಾಕ್ಟಸ್‌ಗಳಲ್ಲೂ ಕೆಲವಕ್ಕೆ ಹಾಲಿದೆ.

ಮುಳ್ಳಿನ ಬುಡ ನೋಡುವುದು ಸರಿಯಾದ ದಾರಿ. ಕ್ಯಾಕ್ಟಸ್‌ನಲ್ಲಿ ಮುಳ್ಳುಗಳು ಹತ್ತಿಯಂಥ ನವಿರು ತುಂಬಿದ ಸಣ್ಣ ಗುಳಿಯಿಂದ, ಗೊಂಚಲಾಗಿ ಏಳುತ್ತವೆ. ಇದನ್ನು "ಕಣ್ಣು" ಎನ್ನೋಣ. ಕ್ಯಾಕ್ಟಸ್ ಕುಟುಂಬದ ಎಲ್ಲ ಗಿಡಕ್ಕೂ ಈ ಕಣ್ಣುಗಳಿವೆ. ಯುಫೋರ್ಬಿಯಾದ ಮುಳ್ಳು ಸಾಮಾನ್ಯವಾಗಿ ಜೋಡಿಯಾಗಿ ನೇರ ಕಾಂಡದ ಅಂಚಿನಿಂದ ಹೊರಡುತ್ತದೆ. ಹೂವೂ ಬೇರೆ: ಕ್ಯಾಕ್ಟಸ್ ಹೂವಿಗೆ ಹಲವು ಸುತ್ತು ಎಸಳು, ನಡುವೆ ನೂರಾರು ಕೇಸರ. ಯುಫೋರ್ಬಿಯಾದ್ದು ಕಡಲೆಕಾಳಿನಷ್ಟು ಹಳದಿ ಬಟ್ಟಲು. ಅದಕ್ಕೂ ನೊಣ, ಇರುವೆ, ಜೇನು ಧಾರಾಳವಾಗಿ ಬರುತ್ತವೆ, ಆದರೆ ಲೆಕ್ಕ ಬೇರೆ ಇಡಿ. ಕಳ್ಳಿ ತೋಟಗಳಲ್ಲಿ ಪಕ್ಕದಲ್ಲೇ ನೆಟ್ಟಿರುವ ಭೂತಾಳೆಯೂ ಕ್ಯಾಕ್ಟಸ್ ಅಲ್ಲ. ಅದರ ಹೂಗೊಂಚಲು ಎದ್ದಾಗ ಹಕ್ಕಿಗಳ ಸಂತೆಯೇ ನೆರೆಯುವುದರಿಂದ ಹೊಸಬರು ಅದನ್ನೂ ಕಳ್ಳಿಯ ಪಟ್ಟಿಗೆ ಸೇರಿಸಿಬಿಡುತ್ತಾರೆ.

ಹಂತ 2: ಯಾವ ಹೂ ಯಾವ ಹೊತ್ತಿನದು ಎಂದು ತಿಳಿದು ಹೋಗಿ

ಕಳ್ಳಿ ಹೂವಿನ ಆಯಸ್ಸು ಚಿಕ್ಕದು. ಹಲವು ಒಂದು ಹಗಲು ಅಥವಾ ಒಂದು ರಾತ್ರಿಯಲ್ಲಿ ಮುಗಿದುಹೋಗುತ್ತವೆ. ಹೊತ್ತು ತಪ್ಪಿಸಿ ಹೋದರೆ ಸಿಗುವುದು ಬಾಡಿದ ಎಸಳು ಮಾತ್ರ.

ಪಾಪಾಸುಕಳ್ಳಿ ಹಗಲಿನದು. ತುಮಕೂರು ರಸ್ತೆ, ರಾಮನಗರದ ಬಂಡೆಗಳ ಕಡೆ ಬೇಲಿಯಾಗಿ, ಪೊದೆಯಾಗಿ ಬೆಳೆದಿರುವ, ಚಪ್ಪಟೆ ಹಲಗೆಯಂಥ ಕಾಂಡದ ಗಿಡ. ಬೇಸಿಗೆಯಲ್ಲಿ ಇದರ ಹೂವಿನ ಸುಗ್ಗಿ. ಬಿಸಿಲು ಏರುತ್ತಿದ್ದಂತೆ ನಿಂಬೆಹಳದಿ ಬಣ್ಣದಲ್ಲಿ ಬಿರಿಯುತ್ತದೆ. ಹಳತಾದ ಹೂ ಕಿತ್ತಳೆ ಬಣ್ಣಕ್ಕೆ ತಿರುಗುವುದರಿಂದ ಇವತ್ತಿನದು ಯಾವುದು, ನಿನ್ನೆಯದು ಯಾವುದು ಎಂದು ದೂರದಿಂದಲೇ ಹೇಳಬಹುದು. ಮನೆಯಂಗಳಗಳಲ್ಲಿ ಮುಳ್ಳು ಕಡಿಮೆಯಿರುವ, ನುಣುಪಾದ ಇನ್ನೊಂದು ಜಾತಿ ಕಾಣುತ್ತದೆ, ಅದು ಕೊಚಿನೀಲ್ ಕಳ್ಳಿ. ಅದರ ಕೆಂಪು ಹೂ ಪೂರ್ತಿ ಅರಳುವುದೇ ಇಲ್ಲ, ಎಸಳು ಮುಚ್ಚಿಕೊಂಡೇ ಇದ್ದು ಕೇಸರಗಳಷ್ಟೇ ಹೊರಚಾಚುತ್ತವೆ. ತವರಿನಲ್ಲಿ ಇದು ಹಮ್ಮಿಂಗ್‌ಬರ್ಡ್‌ಗಳ ಹೂ. ನಮ್ಮಲ್ಲಿ ಸೂರಕ್ಕಿಗಳಿಗಾಗಿ ಕಾಯಬೇಕಾದ ಗಿಡ ಇದೇ.

ರಾತ್ರಿಯ ಹೂಗಳು ಮೂರು ಬಗೆಯವು ನಿಮಗೆ ಸುಲಭವಾಗಿ ಸಿಗುತ್ತವೆ. ಮೊದಲನೆಯದು ಬೆಂಗಳೂರಿನ ಮನೆಮನೆಯ ಬ್ರಹ್ಮಕಮಲ, ಅಂದರೆ ಮೆಕ್ಸಿಕೊ ಕಡೆಯ ಎಪಿಫಿಲಮ್ ಆಕ್ಸಿಪೆಟಲಮ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ನಡುನಡುವೆ ಬಿಡುತ್ತದೆ. ರಾತ್ರಿ ಎಂಟು, ಒಂಬತ್ತಕ್ಕೆ ಬಾಯಿ ತೆರೆದು, ನಡುರಾತ್ರಿಗೆ ಪೂರ್ತಿ ಬಿರಿದು, ಬೆಳಕು ಹರಿಯುವಷ್ಟರಲ್ಲಿ ಜೋತುಬೀಳುತ್ತದೆ. ಎರಡನೆಯದು ಡ್ರ್ಯಾಗನ್ ಫ್ರೂಟ್. ಸಂಜೆ ಬಿರಿಯಲು ಶುರುವಾದ ಅಂಗೈ ಮೀರಿದ ಹೂ ಮರುದಿನ ಬೆಳಿಗ್ಗೆ ಬಿಸಿಲು ಬಲಿಯುವವರೆಗೂ ತೆರೆದಿರುತ್ತದೆ. ಹೀಗಾಗಿ ಪತಂಗಕ್ಕೂ ಸಿಗುತ್ತದೆ, ಜೇನಿಗೂ ಸಿಗುತ್ತದೆ. ಮೂರನೆಯದು ಹಳೆಯ ಬಂಗಲೆಗಳ ಕಾಂಪೌಂಡಿನಲ್ಲಿ ಕಂಬದಂತೆ ನಿಲ್ಲುವ ಸೀರಿಯಸ್. ಅದರ ಬಿಳಿ ಹೂ ಎತ್ತರದಲ್ಲಿರುವುದರಿಂದ ಮೊದಲ ಮಹಡಿಯ ಬಾಲ್ಕನಿ ಸಿಕ್ಕರೆ ಒಳ್ಳೆಯದು.

ದುಂಡು ಕಳ್ಳಿಗಳು, ಮ್ಯಾಮಿಲೇರಿಯಾಗಳು ಕುಂಡದಲ್ಲಿ ಸಣ್ಣ ಹೂ ಬಿಡುತ್ತವೆ. ಅವಕ್ಕೆ ಬರುವುದು ಹೆಚ್ಚಾಗಿ ಸಣ್ಣ ಜೇನು, ಇರುವೆ. ಅಭ್ಯಾಸಕ್ಕೆ ಸಾಕು.

ಹಂತ 3: ಜಾಗ ಆರಿಸಿ, ಮಾಲಿಯನ್ನು ಕೇಳಿ

ಹೈದರಾಲಿ 1760ರಲ್ಲಿ ಶುರುಮಾಡಿದ ಲಾಲ್‌ಬಾಗ್ ಇಂದು 240 ಎಕರೆಯ ಸಸ್ಯತೋಟ. ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆದು ಸಂಜೆ ಏಳಕ್ಕೆ ಮುಚ್ಚುತ್ತದೆ. ಹಗಲಿನ ಹೂಗಳಿಗೆ, ರಾತ್ರಿ ಅರಳಿದ ಹೂವಿನ ಮುಂಜಾವಿನ ಪಾಳಿಗೆ ಇದು ಒಳ್ಳೆಯ ಜಾಗ. ರಾತ್ರಿ ವೀಕ್ಷಣೆ ಇಲ್ಲಿ ಸಾಧ್ಯವಿಲ್ಲ, ಅದನ್ನು ಮನೆಯ ತಾರಸಿಗೆ ಇಟ್ಟುಕೊಳ್ಳಿ. ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಜನಜಂಗುಳಿಯಿಂದ ಹಕ್ಕಿಗಳು ಹತ್ತಿರ ಸುಳಿಯುವುದಿಲ್ಲ, ಆ ವಾರ ಬಿಟ್ಟುಬಿಡಿ. ದೊಡ್ಡ ಕ್ಯಾಮೆರಾ, ಸ್ಟ್ಯಾಂಡ್ ಒಯ್ಯುವುದಾದರೆ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಹೆಬ್ಬಾಳದಾಚೆಯ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕ್ಯಾಂಪಸ್‌ನಲ್ಲೂ ಸಸ್ಯತೋಟವಿದೆ. ಅಲ್ಲಿ ಜೇನುಗಳ ಅಧ್ಯಯನ ನಡೆಯುವುದರಿಂದ ಸಂಶಯ ಕೇಳಲು ತಿಳಿದವರೂ ಸಿಗುತ್ತಾರೆ, ಆದರೆ ಒಳಗೆ ಹೋಗಲು ಅನುಮತಿ ಬೇಕು.

ಎಲ್ಲೇ ಹೋದರೂ ಗಾಜಿನ ಮಾಡು ಅಥವಾ ನೆರಳುಬಲೆಯ ಕೆಳಗಿರುವ ಗಿಡಕ್ಕಿಂತ ಬಯಲಲ್ಲಿರುವ ಗಿಡವನ್ನೇ ಆರಿಸಿ. ಮುಚ್ಚಿದ ಮನೆಯೊಳಗೆ ಹಕ್ಕಿ, ಪತಂಗ ನುಗ್ಗಲಾರದು. ಅಲ್ಲಿ "ಯಾರೂ ಬರಲಿಲ್ಲ" ಎಂದು ಬರೆದರೆ ಅದು ಹೂವಿನ ಸಂಗತಿ ಆಗುವುದಿಲ್ಲ, ಮಾಡಿನ ಸಂಗತಿ ಆಗುತ್ತದೆ.

ಹೂವಿನ ದಿನ ತಿಳಿಯಲು ಮಾಲಿಗಳಿಗಿಂತ ಒಳ್ಳೆಯ ದಾರಿ ಇಲ್ಲ. "ಅಣ್ಣಾ, ಈ ಉದ್ದನೆ ಕಳ್ಳಿ ಯಾವಾಗ ಹೂ ಬಿಡುತ್ತೆ?" ಎಂದು ಕೇಳಿದರೆ, "ನಿನ್ನೆ ರಾತ್ರಿ ಬಿಟ್ಟಿತ್ತು ಸಾರ್, ಬೆಳಿಗ್ಗೆ ನೀರ್ ಹಾಕಕ್ಕೆ ಬಂದಾಗ ಜೇನು ಮುತ್ಕೊಂಡಿತ್ತು. ಈಗ ನೋಡಿ, ಮುದುರ್ಕೊಂಡ್‌ಬಿಟ್ಟಿದೆ. ಅಲ್ಲಿ ಇನ್ನೆರಡು ಮೊಗ್ಗಿದೆ, ನಾಡಿದ್ದು ಬನ್ನಿ" ಎಂಬ ಉತ್ತರ ಬರುತ್ತದೆ. ಆ ಮೂರು ವಾಕ್ಯದಲ್ಲಿ ನಿಮಗೆ ಬೇಕಾದ ಸಮಯವೂ, ಅರ್ಧ ಉತ್ತರವೂ ಇದೆ. ಅವರ ಮಾತನ್ನೂ ದಿನಾಂಕ ಹಾಕಿ ಬರೆದುಕೊಳ್ಳಿ.

ಹಂತ 4: ಚೀಲದಲ್ಲಿ ಏನಿರಬೇಕು

ನೋಟ್‌ಬುಕ್, ಪೆನ್ಸಿಲ್, ಗಡಿಯಾರ, ಮೊಬೈಲ್. ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಭೂತಗನ್ನಡಿ ಇನ್ನೂ ಒಳ್ಳೆಯದು. ರಾತ್ರಿಗೆ ಟಾರ್ಚು, ಅದರ ಬಾಯಿಗೆ ಕಟ್ಟಲು ಕೆಂಪು ಪಾರದರ್ಶಕ ಹಾಳೆ. ಜೊತೆಗೆ ಒಂದು ಚಿಮಟ ಮರೆಯಬೇಡಿ. ಪಾಪಾಸುಕಳ್ಳಿಯ ದೊಡ್ಡ ಮುಳ್ಳಿಗಿಂತ ಅದರ ಕಣ್ಣುಗಳಲ್ಲಿರುವ ಸುಂಗು ಹೆಚ್ಚು ಕಾಡುತ್ತದೆ. ಕೂದಲೆಳೆಗಿಂತ ತೆಳುವಾದ, ಹಿಂಗೊಕ್ಕೆಯಿರುವ ಮುಳ್ಳು ಅದು, ಸವರಿದರೆ ಸಾಕು ನೂರಾರು ನಾಟಿಕೊಳ್ಳುತ್ತವೆ. ಉಜ್ಜಬೇಡಿ. ಚಿಮಟದಲ್ಲಿ ಆದಷ್ಟು ಕಿತ್ತು, ಉಳಿದದ್ದರ ಮೇಲೆ ಫೆವಿಕಾಲ್ ತೆಳ್ಳಗೆ ಹಚ್ಚಿ, ಚೆನ್ನಾಗಿ ಒಣಗಿದ ಮೇಲೆ ಸಿಪ್ಪೆಯಂತೆ ಸುಲಿದರೆ ಬಹುಪಾಲು ಹೊರಬರುತ್ತದೆ.

ಸೆಂಟು, ಪೌಡರು ಹಾಕಿಕೊಂಡು ಹೋಗಬೇಡಿ. ಲಾಲ್‌ಬಾಗ್‌ನ ದೊಡ್ಡ ಮರಗಳಲ್ಲಿ ಹೆಜ್ಜೇನು ಗೂಡು ಕಟ್ಟುತ್ತದೆ. ಹೂವಿನ ಮೇಲಿರುವ ಹೆಜ್ಜೇನು ತನ್ನ ಕೆಲಸದಲ್ಲಿ ಮುಳುಗಿರುತ್ತದೆ, ಕೈ ಬೀಸದಿದ್ದರೆ ಏನೂ ಮಾಡದು. ಗೂಡು ಮಾತ್ರ ಬೇರೆ ವಿಷಯ. ತಲೆಯ ಮೇಲೆ ಗೂಡಿದ್ದರೆ ಅಲ್ಲಿ ಕೂರಬೇಡಿ.

ಹಂತ 5: ಹಗಲಿನ ಹೂವಿನ ಎದುರು ಕೂರುವುದು

ಎರಡು ಅಥವಾ ಮೂರು ಹೂ ಮಾತ್ರ ಆರಿಸಿಕೊಳ್ಳಿ. ಇಡೀ ಗಿಡ ನೋಡಲು ಹೋದರೆ ಏನೂ ನೋಡಿದಂತಾಗುವುದಿಲ್ಲ. ನಾಲ್ಕೈದು ಅಡಿ ದೂರದಲ್ಲಿ, ನಿಮ್ಮ ನೆರಳು ಹೂವಿನ ಮೇಲೆ ಬೀಳದಂತೆ ಕುಳಿತು, ಐದು ನಿಮಿಷ ಸುಮ್ಮನಿದ್ದು, ಆಮೇಲೆ ಹತ್ತು ನಿಮಿಷದ ಲೆಕ್ಕ ಶುರುಮಾಡಿ. ಹಕ್ಕಿಗಳಿಗಾದರೆ ಈ ದೂರ ಸಾಲದು, ಇಪ್ಪತ್ತು ಅಡಿ ಹಿಂದೆ ಸರಿಯಿರಿ.

ಪಾಪಾಸುಕಳ್ಳಿಯ ಹೂವನ್ನು ಹತ್ತಿರದಿಂದ ನೋಡುವಾಗ ಒಂದು ಸಂಗತಿಯನ್ನು ತಪ್ಪದೆ ಗಮನಿಸಿ. ಬಟ್ಟಲಿನ ತುಂಬ ಹಳದಿ ಕೇಸರಗಳು ಹೊರಮುಖವಾಗಿ ಹರಡಿಕೊಂಡಿರುತ್ತವೆ. ನಡುವೆ ದಪ್ಪನೆಯ ಶಲಾಕೆ, ಅದರ ತುದಿಯಲ್ಲಿ ಬೆರಳು ಮಡಚಿದಂಥ ಅಂಟಂಟು ಶಲಾಕಾಗ್ರ. ಜೇನು ಬಂದು ಕೇಸರಗಳ ನಡುವೆ ತಲೆ ತೂರಿಸುತ್ತಿದ್ದಂತೆ ಅದು ಮುಟ್ಟಿದ ಕೇಸರಗಳೆಲ್ಲ ಒಂದೊಂದಾಗಿ ಬಾಗಿ ನಡುವಿನ ಶಲಾಕೆಯ ಕಡೆಗೆ ಮುಚ್ಚಿಕೊಳ್ಳತೊಡಗುತ್ತವೆ. ಕೆಲವೇ ಸೆಕೆಂಡಿನಲ್ಲಿ ಜೇನಿನ ಬೆನ್ನ ಮೇಲೆ ಹಳದಿ ಕಂಬಳಿ ಹೊದಿಸಿದಂತಾಗುತ್ತದೆ. ಕೇಸರ ಮುಚ್ಚಿದ ಮೇಲೆ ಅವುಗಳ ಬುಡದಲ್ಲಿರುವ ಪರಾಗ, ಮಕರಂದ ತಲುಪಬೇಕಾದರೆ ಜೇನು ಬಲವಾಗಿ ನುಗ್ಗಬೇಕು. ದೊಡ್ಡ ಜೇನು ನುಗ್ಗುತ್ತದೆ, ಸಣ್ಣದು ಮೇಲ್ಮೇಲೆ ಪರಾಗ ಬಾಚಿಕೊಂಡು ಹೋಗುತ್ತದೆ. ಕೇಸರ ಮತ್ತೆ ಹರಡಿಕೊಳ್ಳಲು ಸುಮಾರು ಹೊತ್ತು ಬೇಕು. ಬೇಕಿದ್ದರೆ ಒಣ ಹುಲ್ಲುಕಡ್ಡಿಯಿಂದ ಒಮ್ಮೆ ಮೆಲ್ಲಗೆ ಸವರಿ ನೋಡಿ, ಆದರೆ ಲೆಕ್ಕ ಇಡುವ ಹೂವಿನಲ್ಲಿ ಬೇಡ.

ಈಗ ಬರುವವರನ್ನು ಬೇರ್ಪಡಿಸುವುದು. ತುಡುವೆ ಜೇನು, ಅದಕ್ಕಿಂತ ಸಣ್ಣ ಕೋಲುಜೇನು, ಸೊಳ್ಳೆಗಿಂತ ಕೊಂಚ ದೊಡ್ಡದಾದ ಮುಳ್ಳಿಲ್ಲದ ನಸರಿ ಜೇನು, ಉದ್ದನೆ ಮೈಯ ಹೆಜ್ಜೇನು: ಈ ನಾಲ್ಕರ ಗಾತ್ರ ಒಮ್ಮೆ ಕಣ್ಣಿಗೆ ಕೂತರೆ ಸಾಕು. ಒಣಮರ ಕೊರೆದು ಗೂಡು ಮಾಡುವ ಕಪ್ಪು ದುಂಬಿಯನ್ನು ಅದರ ಸದ್ದಿನಿಂದಲೇ ಗುರುತಿಸಬಹುದು. ಅದು ಇಳಿದಾಗ ಶಲಾಕಾಗ್ರವನ್ನು ಮೈಯೆಲ್ಲ ತಾಗಿಸಿಕೊಂಡೇ ಇಳಿಯುತ್ತದೆ. ನಸರಿ ಜೇನು ಕೇಸರದ ಒಂದು ಮೂಲೆಯಲ್ಲಿ ಪರಾಗ ಕಟ್ಟಿಕೊಂಡು ಶಲಾಕಾಗ್ರ ಮುಟ್ಟದೆಯೇ ಹಾರಿಹೋಗಬಹುದು. ಈ ಎರಡು ಭೇಟಿಗಳಿಗೆ ಒಂದೇ ಬೆಲೆಯಿಲ್ಲ. ಆದ್ದರಿಂದ ಪ್ರತಿ ಭೇಟಿಯಲ್ಲೂ "ಶಲಾಕಾಗ್ರ ಮುಟ್ಟಿತೇ?" ಎಂಬ ಒಂದು ಪ್ರಶ್ನೆಗೆ ಹೌದು, ಇಲ್ಲ ಎಂದು ಗುರುತು ಹಾಕಿ. ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಎನಿಸುವ ಗುರುತು ಇದು.

ಇರುವೆಗಳನ್ನು ನೋಡಲು ಹೂವಿಗಿಂತ ಮೊಗ್ಗಿನ ಬುಡಕ್ಕೆ ಬನ್ನಿ. ಒಪುಂಷಿಯಾದ ಎಳೆಮೊಗ್ಗಿನ ಕಣ್ಣುಗಳು ಸಿಹಿರಸ ಒಸರುತ್ತವೆ. ಭೂತಗನ್ನಡಿಯಲ್ಲಿ ಸಾಸಿವೆಗಿಂತ ಸಣ್ಣ ಹೊಳೆಯುವ ಹನಿ ಕಾಣುತ್ತದೆ, ಅದರ ಮುಂದೆ ಇರುವೆ ಮೀಸೆ ತಿರುಗಿಸುತ್ತ ನಿಂತಿರುತ್ತದೆ. ಇದು ಹೂವಿನೊಳಗಿನ ಮಕರಂದವಲ್ಲ. ಗಿಡ ಕೊಡುವ ಈ ಸಿಹಿಗೆ ಬಂದ ಇರುವೆ ಮೊಗ್ಗು ತಿನ್ನಲು ಬರುವ ಹುಳುಗಳನ್ನು ಓಡಿಸುವುದುಂಟು. ಕೆಲವೊಮ್ಮೆ ಜೇನನ್ನೂ ಅಟ್ಟಿಬಿಡುತ್ತದೆ. ಎರಡನ್ನೂ ಬರೆದುಕೊಳ್ಳಿ.

ಸೂರಕ್ಕಿಗಳಲ್ಲಿ ಮೂರು ನಮ್ಮೂರಲ್ಲಿ ಸಾಮಾನ್ಯ. ಹಳದಿ ಹೊಟ್ಟೆ, ಕಂದುಗೆಂಪು ಎದೆಯದು ಒಂದು. ಇಡೀ ಮೈ ನೀಲಿಗಪ್ಪು ಹೊಳೆಯುವುದು ಇನ್ನೊಂದು. ಕೊಕ್ಕು ತುಂಬ ಉದ್ದ, ಬಾಗು ಹೆಚ್ಚು ಇರುವ ಲೋಟನ್ ಸೂರಕ್ಕಿ ಮೂರನೆಯದು. ಇವು ಸಾಮಾನ್ಯವಾಗಿ ಕೂತೇ ಕುಡಿಯುತ್ತವೆ, ಗಾಳಿಯಲ್ಲಿ ನಿಲ್ಲುವುದು ಒಂದು ಕ್ಷಣ ಮಾತ್ರ. ಹಾಗಾಗಿ ಕಾಲೂರಲು ಮುಳ್ಳಿಲ್ಲದ ಜಾಗ ಎಲ್ಲಿದೆಯೋ ಅಲ್ಲಿಗೆ ಬರುತ್ತವೆ. ಹಕ್ಕಿ ಹೂವಿನ ಬಾಯಿಯಿಂದ ಕೊಕ್ಕು ಹಾಕಿತೋ, ಬುಡದಲ್ಲಿ ಪಕ್ಕದಿಂದ ಚುಚ್ಚಿತೋ ಎಂದು ನೋಡಿ. ಉದ್ದ ಕೊಳವೆಯ ಹೂಗಳನ್ನು ಬುಡದಲ್ಲಿ ಸೀಳಿ ರಸ ಹೀರುವ ಅಭ್ಯಾಸ ಸೂರಕ್ಕಿಗಳಿಗಿದೆ, ಅಂಥ ಭೇಟಿಯಲ್ಲಿ ಪರಾಗ ಮೈಗೆ ತಾಗುವುದೇ ಇಲ್ಲ. ಹಕ್ಕಿ ಹೋದ ಮೇಲೆ ಹೂವಿನ ಬುಡದಲ್ಲಿ ಸಣ್ಣ ಸೀಳು ಇದೆಯೇ ಎಂದು ಹುಡುಕಿದರೆ ಉತ್ತರ ಸಿಗುತ್ತದೆ. ಪಿಕಳಾರ, ಬದನಿಕೆ ಹಕ್ಕಿಗಳು ಬಂದರೆ ಅವು ಹೂವಿಗೆ ಬಂದವೋ ಪಕ್ಕದ ಹಣ್ಣಿಗೋ ನೋಡಿ ಬರೆಯಿರಿ.

ಹೂವಿನಲ್ಲಿ ಕೂತು ಏನನ್ನೂ ಕುಡಿಯದವರೂ ಇದ್ದಾರೆ. ಎಸಳಿನ ಬಣ್ಣಕ್ಕೇ ಹೊಂದಿಕೊಂಡ ಏಡಿಜೇಡ, ಮೊಗ್ಗಿನ ಮರೆಯ ಸೂರ್ಯನ ಕುದುರೆ, ಪಕ್ಕದ ಕಲ್ಲಿನ ಮೇಲಿನ ಓತಿಕ್ಯಾತ. ಇವರಿಗೆ ಬೇಕಾದ್ದು ಹೂವಿಗೆ ಬರುವ ಜೇನು, ನೊಣ. ಜೇನು ಹೂವಿನ ಹತ್ತಿರ ಬಂದು ತಟ್ಟನೆ ಹಿಂದೆ ಸರಿದರೆ ಒಳಗೆ ಜೇಡ ಇದೆಯೇ ನೋಡಿ.

ಹಲಗೆಗಳ ಮೇಲೆ ಬಿಳಿ ಹತ್ತಿ ಅಂಟಿಸಿದಂತೆ ಕಂಡರೆ ಅದು ಕೊಚಿನೀಲ್ ಹುಳು. ಒಂದನ್ನು ಕಡ್ಡಿಯಿಂದ ಒತ್ತಿದರೆ ಕುಂಕುಮದ ಕೆಂಪು. ಹೂವಿಗೆ ಸಂಬಂಧವಿಲ್ಲದಿದ್ದರೂ ಹೇಳದೆ ಮುಂದೆ ಹೋಗಲು ಮನಸ್ಸಾಗದು: ಕೆಂಪು ಬಣ್ಣದ ಆಸೆಗೆ ಈಸ್ಟ್ ಇಂಡಿಯಾ ಕಂಪನಿ 1795ರಲ್ಲಿ ಬ್ರೆಜಿಲ್‌ನಿಂದ ತರಿಸಿದ್ದು ಬಣ್ಣಕ್ಕೆ ಬೇಕಾದ ಜಾತಿಯನ್ನಲ್ಲ, ಅದರ ಬಡ ಸೋದರಿಯನ್ನು. ಬಣ್ಣ ಸಿಗಲಿಲ್ಲ, ಒಂದು ಜಾತಿಯ ಕಳ್ಳಿ ಮಾತ್ರ ಅದರ ಬಾಯಿಗೆ ಸಿಕ್ಕಿ ನಾಶವಾಯಿತು. ಅದನ್ನು ಕಂಡು, ಉಳಿದ ಪಾಪಾಸುಕಳ್ಳಿಗಳನ್ನು ಹತೋಟಿಗೆ ತರಲೆಂದು 1926ರಲ್ಲಿ ಇನ್ನೊಂದು ಜಾತಿಯ ಕೊಚಿನೀಲ್ ಹುಳುವನ್ನು ಬೇಕೆಂದೇ ತಂದು ದಕ್ಷಿಣ ಭಾರತದಲ್ಲಿ ಬಿಟ್ಟರು.

ಹಂತ 6: ರಾತ್ರಿಯ ಪಾಳಿ

ತಾರಸಿಯ ಬ್ರಹ್ಮಕಮಲ ಅಥವಾ ಡ್ರ್ಯಾಗನ್ ಫ್ರೂಟ್ ಮೊಗ್ಗು ಇವತ್ತೇ ಬಿರಿಯುತ್ತದೆಯೇ ಎಂದು ಸಂಜೆ ತಿಳಿಯಬಹುದು. ಮೊಗ್ಗಿನ ತುದಿ ಉಬ್ಬಿ, ಎಸಳುಗಳ ನಡುವೆ ಬಿಳಿ ಇಣುಕುತ್ತಿದ್ದರೆ ಇವತ್ತೇ. ಮನೆಯವರು, ಅಕ್ಕಪಕ್ಕದವರು ಆರತಿ, ಫೋಟೊ ಎಲ್ಲ ಮುಗಿಸಿಕೊಳ್ಳಲಿ. ಆಮೇಲೆ ತಾರಸಿಯ ದೀಪ ಆರಿಸಿ. ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಪತಂಗ ಹೂವನ್ನು ಬಿಟ್ಟು ದೀಪಕ್ಕೇ ಸುತ್ತುತ್ತದೆ. ಊದುಬತ್ತಿ, ಸೊಳ್ಳೆಬತ್ತಿಯನ್ನೂ ದೂರವಿಡಿ.

ಕಾಯುತ್ತಿರುವುದು ಹಾಕ್‌ಮಾತ್ ಪತಂಗಕ್ಕೆ. ಚೂಪು ರೆಕ್ಕೆ, ದಪ್ಪ ಮೈ, ಹೂವಿನೆದುರು ಗಾಳಿಯಲ್ಲೇ ನಿಂತು ಸುರುಳಿ ನಾಲಿಗೆ ಬಿಚ್ಚಿ ಹೀರುತ್ತದೆ. ಕಣಗಿಲೆ, ನಂದಿಬಟ್ಟಲಿನ ಮೇಲೆ ಬೆಳೆಯುವ ಹಸಿರು ಹಾಕ್‌ಮಾತ್ ಬೆಂಗಳೂರಿನ ತೋಟಗಳಲ್ಲಿ ಪರಿಚಿತ. ಕಾನ್ವಾಲ್ವುಲಸ್ ಹಾಕ್‌ಮಾತ್‌ನ ನಾಲಿಗೆ ಸುಮಾರು ಹತ್ತು ಸೆಂಟಿಮೀಟರ್ ಉದ್ದ. ಆದರೆ ಬ್ರಹ್ಮಕಮಲದ ಕೊಳವೆ ಅದನ್ನೂ ಮೀರಿಸುತ್ತದೆ. ಹಾಗಾಗಿ ಪತಂಗ ಬಂದರೂ ತಳದ ಮಕರಂದ ಅದಕ್ಕೆ ಎಟುಕಿತೇ ಎಂಬುದು ಕುತೂಹಲದ ಪ್ರಶ್ನೆ. ಎಷ್ಟು ಸೆಕೆಂಡ್ ನಿಂತಿತು, ತಲೆ ಎಷ್ಟು ಒಳಗೆ ಹೋಯಿತು ಎಂದು ಬರೆದರೆ ಊಹೆಗೆ ಆಧಾರ ಸಿಗುತ್ತದೆ. ಕೆಂಪು ಹಾಳೆ ಕಟ್ಟಿದ ಟಾರ್ಚನ್ನು ಹೂವಿನ ಪಕ್ಕಕ್ಕೆ ಹಿಡಿಯಿರಿ, ಮುಖಕ್ಕೆ ನೇರ ಬೇಡ. ಪತಂಗಗಳಿಗೆ ಕೆಂಪು ಬೆಳಕು ಅಷ್ಟಾಗಿ ಕಾಣುವುದಿಲ್ಲ.

ಬೆಳದಿಂಗಳ ರಾತ್ರಿಯಾದರೆ ಹೆಜ್ಜೇನಿಗೂ ಕಣ್ಣಿಟ್ಟಿರಿ. ಚಂದ್ರನ ಬೆಳಕು ಸಾಕಷ್ಟಿದ್ದರೆ ರಾತ್ರಿಯೂ ಹೂವಿಗೆ ಹೋಗುವ ಜೇನು ಅದು. ತಿಥಿಯನ್ನು ಪುಸ್ತಕದಲ್ಲಿ ಬರೆಯಲು ಕಾರಣ ಇದೇ. ನಮ್ಮೂರಿನ ಬಾವಲಿ ಬಂದರೂ ಹೂವಿನ ಮುಂದೆ ಒಂದೆರಡು ಸೆಕೆಂಡಿಗಿಂತ ಹೆಚ್ಚು ನಿಲ್ಲದಿರಬಹುದು. ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ವೀಡಿಯೊ ಹಾಕಿಬಿಡುವುದು ಒಳ್ಳೆಯದು. ನೆರಳು ಕಂಡ ಮಾತ್ರಕ್ಕೆ "ಬಾವಲಿ ಮಕರಂದ ಕುಡಿಯಿತು" ಎಂದು ಬರೆಯಬೇಡಿ, "ಬಾವಲಿ ಹಾದುಹೋಯಿತು" ಎಂದಷ್ಟೇ ಬರೆಯಿರಿ.

ಎಷ್ಟೇ ನಿದ್ದೆ ಬಂದರೂ ಬೆಳಗಿನ ಐದೂವರೆಗೆ ಮತ್ತೆ ಒಮ್ಮೆ ಮೇಲೆ ಹೋಗಿ. ಡ್ರ್ಯಾಗನ್ ಫ್ರೂಟ್ ಹೂವಿಗೆ ಜೇನುಗಳ ದಂಡು ಬರುವುದು ಆಗ. ಬೆಳಕು ಹರಿದ ಅರ್ಧ ಗಂಟೆಯಲ್ಲಿ ಕೇಸರಗಳ ಪರಾಗ ಬರಿದಾಗುವುದನ್ನು ಕಣ್ಣೆದುರೇ ಕಾಣಬಹುದು.

ಹಂತ 7: ತಿಂದವರು ಹೋದ ಮೇಲೆ

ಹೂವನ್ನೇ ಮೇಯುವವರು ನಮ್ಮೆದುರು ಸಿಗುವುದು ಕಡಿಮೆ, ಗುರುತು ಮಾತ್ರ ಬಿಟ್ಟುಹೋಗುತ್ತಾರೆ. ಗಿಡದ ಬುಡದಲ್ಲಿ ಎಸಳಿನ ತುಂಡುಗಳು ಚೆಲ್ಲಿದ್ದು, ಹೂವಿನ ದಪ್ಪ ಬುಡ ಕೆರೆದಿದ್ದರೆ ಅಳಿಲು. ಅದೂ ಹಗಲಲ್ಲಿ ನಡೆದಿದ್ದರೆ ಸಂಶಯವೇ ಬೇಡ. ಹೂವು ಇಡಿಯಾಗಿ ಕತ್ತರಿಸಿ ಬಿದ್ದಿದ್ದರೆ ಗಿಳಿಯನ್ನು ನೆನೆಯಿರಿ. ಎಸಳಿನಲ್ಲಿ ಅಂಕುಡೊಂಕು ತೂತು, ಹಲಗೆಯ ಮೇಲೆ ಒಣಗಿದ ಬೆಳ್ಳಿಗೆರೆ ಇದ್ದರೆ ಬಸವನಹುಳು. ಮಳೆಗಾಲದಲ್ಲಿ ಬೆಂಗಳೂರನ್ನೇ ಆವರಿಸುವ ಆಫ್ರಿಕಾದ ದೊಡ್ಡ ಬಸವನಹುಳು ಮೊಗ್ಗನ್ನೂ ಬಿಡುವುದಿಲ್ಲ. ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ. ತೂತಿನ ಪಕ್ಕ ಕಪ್ಪು ಕಾಳಿನಂಥ ಹಿಕ್ಕೆ ಇದ್ದರೆ ಕಂಬಳಿಹುಳು. ಜೋಡಿ ಹಲ್ಲಿನ ಗೆರೆ, ಸುತ್ತ ಇಲಿಹಿಕ್ಕೆ ಇದ್ದರೆ ರಾತ್ರಿ ಇಲಿ ಬಂದಿತ್ತು. ಎಸಳಿನ ಮೇಲೆ ಉಗುರಿನ ಗೀರು, ಪರಾಗ ಮೆತ್ತಿದ ಕಲೆ, ಹರಿದ ಅಂಚು ಇವು ಒಟ್ಟಿಗೆ ಕಂಡರೆ ಬಾವಲಿಯ ಸಾಧ್ಯತೆ ಇದೆ. ಎಸಳಿನ ಮೇಲೆ ಬೂದುಬೆಳ್ಳಿ ಗೀಟುಗಳಿದ್ದರೆ ಭೂತಗನ್ನಡಿ ಹಿಡಿಯಿರಿ, ನುಸಿಯಂಥ ಥ್ರಿಪ್ಸ್ ಸಿಗುತ್ತವೆ.

ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆಯಿರಿ. ಗಾತ್ರ ತಿಳಿಯಲು ಅದು ಸಾಕು.

ಹಂತ 8: ಬರೆಯುವ ಕ್ರಮ

ಮಾದರಿಗೆ ಒಂದು ಪುಟ ಹೀಗಿರಬಹುದು:

ಸ್ಥಳ, ದಿನಾಂಕ, ತಿಥಿ. ಸಮಯ 10.20ರಿಂದ 10.30. ಪಾಪಾಸುಕಳ್ಳಿ, ಬಯಲಲ್ಲಿದೆ. ಅರಳಿದ ಹೂ 4, ನೋಡಿದ್ದು 2. ಬಿಸಿಲು, ಗಾಳಿ ಇಲ್ಲ.
ತುಡುವೆ: ಭೇಟಿ 6, ಪರಾಗ ಬಾಚಿತು, ಶಲಾಕಾಗ್ರ ಮುಟ್ಟಿದ್ದು 1.
ಕಪ್ಪು ದುಂಬಿ: ಭೇಟಿ 1, ಬುಡದವರೆಗೆ ನುಗ್ಗಿತು, ಮುಟ್ಟಿತು.
ಇರುವೆ: ಮೊಗ್ಗಿನ ಕಣ್ಣಿನಲ್ಲಿ 3, ಹೂವಿನೊಳಗೆ ಇಲ್ಲ.
ಹಕ್ಕಿ: ಇಲ್ಲ.

"ಇಲ್ಲ" ಎಂಬ ಸಾಲನ್ನು ಬಿಡಬೇಡಿ. ಹತ್ತು ನಿಮಿಷ ಯಾರೂ ಬರದಿದ್ದರೆ ಸೊನ್ನೆ ಎಂದೇ ಬರೆಯಿರಿ. ಸೊನ್ನೆ ಬರೆಯದ ದಾಖಲೆಯಲ್ಲಿ ಎಲ್ಲ ಹೂವೂ ಸದಾ ಗಿಜಿಗುಡುತ್ತಿರುವಂತೆ ಕಾಣುತ್ತದೆ. ಹೆಸರು ಗೊತ್ತಾಗದ ಹುಳಕ್ಕೆ "ಹಸಿರು ಹೊಳಪಿನ ಸಣ್ಣ ಜೇನು" ಎಂದು ಕಂಡಂತೆ ಬರೆದರೆ ಸಾಕು, ಊಹಿಸಿ ಹೆಸರಿಡುವುದು ಬೇಡ. ಸಿಹಿನೀರು ಚಿಮುಕಿಸಿ ಕರೆಯುವುದು, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕುವುದು, ಹೂ ಕಿತ್ತು ಬೆಳಕಿಗೆ ತಿರುಗಿಸುವುದು ಇವೆಲ್ಲ ದಾಖಲೆಯನ್ನು ಕೆಡಿಸುತ್ತವೆ, ಪ್ರಾಣಿಗೂ ತೊಂದರೆ. ಮನೆಯ ಗಿಡಕ್ಕೆ ಕೀಟನಾಶಕ ಹೊಡೆದಿದ್ದರೆ ಆ ಹೂವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಡಿ.

ಹಂತ 9: ನಿಜವಾಗಿ ಕೆಲಸ ಮಾಡಿದವರು ಯಾರು? ತಾರಸಿಯ ಪರೀಕ್ಷೆ

ಡ್ರ್ಯಾಗನ್ ಫ್ರೂಟ್ ಗಿಡದಲ್ಲಿ ಒಂದೇ ರಾತ್ರಿ ನಾಲ್ಕು ಹೂ ಬಿರಿಯುವ ಅವಕಾಶ ಸಿಕ್ಕರೆ ಬಿಡಬೇಡಿ. ಸೊಳ್ಳೆಪರದೆಯ ಬಟ್ಟೆಯಿಂದ ಚೀಲ ಹೊಲಿದು, ಒಳಗೆ ತಂತಿಯ ಬಳೆ ಕೊಟ್ಟು ಬಟ್ಟೆ ಹೂವಿಗೆ ತಾಗದಂತೆ ಮಾಡಿ. ತಾಗಿದರೆ ಪತಂಗ ಹೊರಗಿನಿಂದಲೇ ನಾಲಿಗೆ ತೂರಿಸಬಹುದು.

ಮೊದಲ ಹೂವಿಗೆ ಬಿರಿಯುವ ಮುಂಚೆಯೇ ಚೀಲ ಹಾಕಿ, ಬಾಡುವವರೆಗೂ ತೆಗೆಯಬೇಡಿ. ಎರಡನೆಯದು ರಾತ್ರಿ ತೆರೆದಿರಲಿ, ಬೆಳಗಿನ ಐದಕ್ಕೆ ಚೀಲ ಹಾಕಿ. ಮೂರನೆಯದಕ್ಕೆ ರಾತ್ರಿಯಿಡೀ ಚೀಲ, ಐದಕ್ಕೆ ತೆಗೆಯಿರಿ. ನಾಲ್ಕನೆಯದನ್ನು ಮುಟ್ಟಬೇಡಿ. ನಾಲ್ಕಕ್ಕೂ ಬೇರೆ ಬೇರೆ ಬಣ್ಣದ ದಾರ ಕಟ್ಟಿ. ಕಾಯಿ ಕಚ್ಚದ ಹೂ ಒಂದು ವಾರದ ಹೊತ್ತಿಗೆ ಹಳದಿಯಾಗಿ ಉದುರುತ್ತದೆ. ಕಚ್ಚಿದ್ದು ಹಸಿರಾಗಿ ಉಬ್ಬುತ್ತದೆ, ಸುಮಾರು 30ರಿಂದ 35 ದಿನಕ್ಕೆ ಹಣ್ಣು.

ಮೊದಲ ಹೂವೇ ಕಾಯಿ ಕಚ್ಚಿದರೆ ನಿಮ್ಮ ತಳಿ ತನ್ನ ಪರಾಗದಿಂದಲೇ ಫಲಿಸಬಲ್ಲದು ಎಂದಾಯಿತು. ಅಂಥ ಗಿಡದಲ್ಲಿ ಉಳಿದ ಹೂಗಳ ಹೋಲಿಕೆಗೆ ಹೆಚ್ಚು ಅರ್ಥವಿಲ್ಲ, ಹಣ್ಣಿನ ತೂಕ ಹೋಲಿಸಬಹುದು. ಮೊದಲನೆಯದು ಉದುರಿ ಎರಡನೆಯದು ನಿಂತರೆ ರಾತ್ರಿಯವರು, ಮೂರನೆಯದು ನಿಂತರೆ ಮುಂಜಾವಿನ ಜೇನು. ನಾಲ್ಕೂ ಉದುರಿದರೆ ಗಿಡಕ್ಕೆ ಬೇರೆ ತಳಿಯ ಪರಾಗ ಬೇಕಿರಬಹುದು. ಕೆಂಪು ತಿರುಳಿನ ಹಲವು ತಳಿಗಳು ಹಾಗೆ, ರೈತರು ರಾತ್ರಿ ಬ್ರಷ್ ಹಿಡಿದು ಪರಾಗ ಸವರುವುದೂ ಅದಕ್ಕೇ. ಒಂದು ರಾತ್ರಿಯ ನಾಲ್ಕು ಹೂವಿನಿಂದ ತೀರ್ಮಾನಕ್ಕೆ ಬರಬೇಡಿ. ಮಳೆ ಬಿದ್ದ ರಾತ್ರಿ ಪತಂಗ ಹೊರಡದಿರಬಹುದು, ಅಂಥ ರಾತ್ರಿಯ ಫಲಿತಾಂಶವನ್ನು ಬೇರೆ ಪುಟದಲ್ಲಿಡಿ. ಗಿಡ ಹೂ ಬಿಡುವಷ್ಟೂ ಕಾಲ, ಮಳೆಗಾಲ ಮುಗಿಯುವವರೆಗೆ, ಇದನ್ನೇ ಮತ್ತೆ ಮತ್ತೆ ಮಾಡಿ.

ಫೋಟೊ, ವೀಡಿಯೊಗಳನ್ನು ಜೀವಿಗಳ ದಾಖಲೆ ಇಡುವ ಜಾಲತಾಣಗಳಾದ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕುವಾಗ ಜೇನಿನದೊಂದು, ಗಿಡದ್ದೊಂದು ಎಂದು ಎರಡು ದಾಖಲೆ ಮಾಡಿ, ಒಂದರ ಟಿಪ್ಪಣಿಯಲ್ಲಿ ಇನ್ನೊಂದರ ಕೊಂಡಿ ಕೊಡಿ. ಟಿಪ್ಪಣಿಯ ಮೊದಲ ಸಾಲಿನಲ್ಲೇ ಶಲಾಕಾಗ್ರ ಮುಟ್ಟಿತೋ ಇಲ್ಲವೋ ಎಂದು ಬರೆಯಿರಿ. ಗಿಡದ ಜಾತಿ ಖಚಿತವಿಲ್ಲದಿದ್ದರೆ ಹೂವನ್ನು ಪಕ್ಕದಿಂದ, ಮೇಲಿನಿಂದ, ಮುಳ್ಳಿನ ಕಣ್ಣನ್ನು ಹತ್ತಿರದಿಂದ, ಇಡೀ ಗಿಡವನ್ನು ದೂರದಿಂದ ತೆಗೆದ ನಾಲ್ಕು ಚಿತ್ರಗಳಿದ್ದರೆ ತಿಳಿದವರು ಹೆಸರು ಹೇಳಬಲ್ಲರು.